ಸಿಸ್.ಎಕ್ಸಿಟ್ ಸಾಕೋ, ಓಎಸ್._ಎಕ್ಸಿಟ್ ಬೇಕೋ?

ವಿಜಯಪುರದ ಒಣದ್ರಾಕ್ಷಿ ಅಂಗಡಿಯ ಲೆಕ್ಕಕ್ಕೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿರುವ ತಮ್ಮ ಕೇಳಿದ: "ಅಣ್ಣಾ, ನಿಲ್ಲಿಸಲು ಸಿಸ್.ಎಕ್ಸಿಟ್ (sys.exit) ಕೊಟ್ಟರೂ ಪ್ರೋಗ್ರಾಂ ನಿಲ್ಲುತ್ತಿಲ್ಲ. ಓಎಸ್._ಎಕ್ಸಿಟ್ (os._exit) ಹಾಕಲೇ?"

ಸಿಸ್.ಎಕ್ಸಿಟ್ ತಾನೇ ಏನನ್ನೂ ಮುಚ್ಚುವುದಿಲ್ಲ; ಸಿಸ್ಟಮ್‌ಎಕ್ಸಿಟ್ ಎಂಬ ಎಕ್ಸೆಪ್ಶನ್ (ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ನಿಲ್ಲಿಸುವ ಸೂಚನೆ) ಎಸೆಯುತ್ತದೆ, ಅಷ್ಟೇ. ಲೂಪಿನೊಳಗೆ ಎಕ್ಸೆಪ್ಶನ್ ಹಿಡಿಯುವ ಸಾಲು ಬರಿಯ 'ಎಕ್ಸೆಪ್ಟ್:' ಆಗಿದ್ದರೆ ಅದನ್ನೂ ಹಿಡಿದು, "ತೂಕ ತಪ್ಪಾಗಿದೆ" ಎಂದು ಮುದ್ರಿಸಿ ಮುಂದಿನ ಚೀಟಿಗೆ ಹೋಗುತ್ತದೆ. 'ಎಕ್ಸೆಪ್ಟ್ ಎಕ್ಸೆಪ್ಶನ್:' ಎಂದು ಬರೆದರೆ ಹಿಡಿಯುವುದಿಲ್ಲ, 2006ರ ಪೈಥಾನ್ 2.5 ಆವೃತ್ತಿಯಿಂದ ಸಿಸ್ಟಮ್‌ಎಕ್ಸಿಟ್‌ನ ವಂಶವೇ ಬೇರೆ.

ಓಎಸ್._ಎಕ್ಸಿಟ್ ಯಾರ ತಡೆಗೂ ನಿಲ್ಲದು. ಆದರೆ ಕೊನೆಯ ಕೆಲಸಗಳಿಗೆಂದು ಬರೆದ 'ಫೈನಲಿ' ಭಾಗ ಓಡುವುದಿಲ್ಲ, ಬಫರಿನಲ್ಲಿ (ಫೈಲಿಗೆ ಹೋಗುವ ಮುನ್ನ ಸಾಲುಗಳು ಕಾಯುವ ಜಾಗ) ಉಳಿದ ಸಾಲುಗಳು ಫೈಲಿಗೆ ಇಳಿಯುವುದಿಲ್ಲ. ದಿನದ ಕೊನೆಯ ನಾಲ್ಕು ಬಿಲ್‌ಗಳನ್ನು ಹೀಗೆಯೇ ಕಳೆದುಕೊಂಡವನು ನಾನು! ಫೋರ್ಕ್ ಮಾಡಿದ, ಅಂದರೆ ಓಡುತ್ತಿರುವ ಪ್ರೋಗ್ರಾಂ ತನ್ನದೇ ಪ್ರತಿಯಾಗಿ ಹುಟ್ಟಿಸಿದ, ಮರಿ ಪ್ರೋಸೆಸ್‌ಗಾದರೆ ಅದೇ ಸರಿ. ಅಂಗಡಿಯ ಲೆಕ್ಕಕ್ಕೆ ಸಿಸ್.ಎಕ್ಸಿಟ್ ಇರಲಿ, ತಮ್ಮಾ. ಎಕ್ಸೆಪ್ಟ್ ಸಾಲನ್ನು ತಿದ್ದು.