ಡ್ಯಾಶ್‌ಕ್ಯಾಮ್ ಒಳಗೆ ಬ್ಯಾಟರಿ ಇರಬೇಕಾ, ಕೆಪಾಸಿಟರ್ ಇರಬೇಕಾ?

ಡ್ಯಾಶ್‌ಕ್ಯಾಮ್ ಅಂದರೆ ಕಾರಿನ ಮುಂದಿನ ಗಾಜಿಗೆ ಅಂಟಿಸುವ, ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಪಾಸಿಟರ್‌ಗೆ, ಅಂದರೆ ಸ್ವಲ್ಪವೇ ಕರೆಂಟ್ ಹಿಡಿದಿಟ್ಟು ಕೊಡುವ ಚಿಕ್ಕ ಭಾಗಕ್ಕೆ. ನಾನಿರುವುದು ರಾಯಚೂರಿನಲ್ಲಿ. ಆಫೀಸಿನ ಹತ್ತಿರ ಶೆಡ್ ಇಲ್ಲ, ಇರುವ ಒಂದು ಬೇವಿನ ಮರದ ನೆರಳು ಬೈಕುಗಳಿಗೇ ಸಾಲುವುದಿಲ್ಲ, ಹಾಗಾಗಿ ಕಾರು ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲೇ ನಿಲ್ಲುತ್ತದೆ. ಇಂಥ ಕಡೆ ಲಿಥಿಯಂ ಬ್ಯಾಟರಿ ಇರುವ ಡ್ಯಾಶ್‌ಕ್ಯಾಮ್ ಒಂದನ್ನು ಬಳಸಿದೆ, ಅದು ಕೆಟ್ಟ ಮೇಲೆ ಅದೇ ಕಾರಿಗೆ, ಅದೇ ಗಾಜಿಗೆ, ಕೆಪಾಸಿಟರ್ ಇರುವುದನ್ನು ಹಾಕಿಸಿದೆ. ಚಿತ್ರ ಎಷ್ಟು ಕ್ಲಿಯರ್, ಲೆನ್ಸ್ ಎಷ್ಟು ಅಗಲ ಅನ್ನೋದೆಲ್ಲ ಬಾಕ್ಸ್ ಮೇಲೇ ಬರೆದಿರುತ್ತದೆ. ಹಗಲಲ್ಲಿ ಮುಂದಿನ ಗಾಡಿಯ ನಂಬರ್ ಎರಡರಲ್ಲೂ ಓದಬಹುದು, ರಾತ್ರಿ ಎರಡೂ ಅಷ್ಟಕ್ಕಷ್ಟೆ.

ಕಾರು ಆಫ್ ಆದ ಮೇಲೂ ರೆಕಾರ್ಡ್ ಆಗಲಿ ಅಂತ ಬ್ಯಾಟರಿ ಇಟ್ಟಿದ್ದಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರ ಮುಖ್ಯ ಕೆಲಸ ಅದಲ್ಲ. ನಾವು ಕೀ ತಿರುಗಿಸಿ ಆಫ್ ಮಾಡಿದ ಕ್ಷಣ ಸಾಕೆಟ್‌ನಿಂದ ಕರೆಂಟ್ ನಿಲ್ಲುತ್ತದೆ. ಆಗ ಅರ್ಧ ಬರೆದ ಫೈಲನ್ನು ಸರಿಯಾಗಿ ಮುಚ್ಚಿ ಕ್ಯಾಮೆರಾ ಮಲಗಬೇಕು. ಅದಕ್ಕೆ ಬೇಕಾಗುವುದು ಕೆಲವೇ ಸೆಕೆಂಡಿನ ಕರೆಂಟ್. ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ, ಫೈಲ್ ಮುಚ್ಚುವಾಗ ಬರೆಯುತ್ತಾರೆ. ಆ ಪಟ್ಟಿ ಬೀಳದಿದ್ದರೆ ಫೈಲ್ ಕಾರ್ಡಲ್ಲಿ ಇರುತ್ತದೆ, ಆದರೆ ಓಪನ್ ಆಗುವುದಿಲ್ಲ.

ನನಗೆ ಹೊಡೆತ ಬಿದ್ದದ್ದು ಅಲ್ಲೇ. ಮಾನ್ವಿ ರೋಡಲ್ಲಿ ಚಹಾ ಅಂಗಡಿ ಮುಂದೆ ಆಗತಾನೇ ಗಾಡಿ ನಿಲ್ಲಿಸಿದ್ದೆ, ಒಂದು ಟ್ರ್ಯಾಕ್ಟರ್ ಟ್ರಾಲಿ ಹಿಂದಕ್ಕೆ ಬಂದು ಮುಂದಿನ ಬಂಪರ್ ಒಡೆಯಿತು. ಯಾರಾದರೂ ಮಾಡುವಂತೆ ಕೀ ತೆಗೆದು ಕೆಳಗಿಳಿದೆ. ಡ್ರೈವರ್ ‘ನೀವೇ ಮುಂದೆ ಬಂದ್ರಿ ಸಾರ್’ ಅಂದ. ಇರಲಿ, ಕ್ಯಾಮೆರಾ ಇದೆಯಲ್ಲ ಅಂತ ಕಾರ್ಡ್ ತೆಗೆದು ನೋಡಿದರೆ ಅದರ ಹಿಂದಿನ ಕ್ಲಿಪ್‌ಗಳೆಲ್ಲ ಇವೆ, ಬೇಕಾದ ಕೊನೆಯ ಒಂದು ಮಾತ್ರ ತೆರೆಯುವುದಿಲ್ಲ. ಮೇಲಾಗಿ ಇದ್ದ ಕ್ಲಿಪ್‌ಗಳ ಮೇಲೆ ಯಾವುದೋ ಹಳೇ ವರ್ಷದ ಜನವರಿ 1 ಅಂತ ತಾರೀಖು. ಬ್ಯಾಟರಿ ಸತ್ತು ಎಷ್ಟು ದಿನ ಆಗಿತ್ತೋ ಏನೋ, ಸಾಕೆಟ್ ಕರೆಂಟಲ್ಲಿ ಕ್ಯಾಮೆರಾ ನಡೆಯುತ್ತಲೇ ಇತ್ತು, ಪರದೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು. ಹೊರಗಿಂದ ನೋಡಿದರೆ ಎಲ್ಲ ಸರಿಯಾಗೇ ಇದೆ. ಅಪಘಾತ ಆದಾಗ ಎಲ್ಲರೂ ಮೊದಲು ಕೀ ಆಫ್ ಮಾಡುತ್ತಾರೆ, ಹಾಗಾಗಿ ಬ್ಯಾಟರಿ ಸತ್ತ ಕ್ಯಾಮೆರಾ ಕಳೆದುಕೊಳ್ಳುವುದು ಅದೇ ಕ್ಲಿಪ್ಪನ್ನು. ಇದಕ್ಕಿಂತ ಕೆಟ್ಟ ರೀತಿಯಲ್ಲಿ ಒಂದು ಸಾಮಾನು ಕೈಕೊಡಲು ಸಾಧ್ಯವಾ? (ಕೆಲವು ಕ್ಯಾಮೆರಾಗಳು ಟಿಎಸ್ ಅನ್ನುವ ಬೇರೆ ರೀತಿಯ ಫೈಲಲ್ಲಿ ಬರೆಯುತ್ತವೆ, ಅದು ಮಧ್ಯದಲ್ಲಿ ಕಡಿದರೂ ಅಲ್ಲಿವರೆಗಿನದು ಓಡುತ್ತದೆ. ನನ್ನದರಲ್ಲಿ ಅದು ಇರಲಿಲ್ಲ.)

ಗಾಜಿನಿಂದ ಬಿಚ್ಚಿ ತಿರುಗಿಸಿದಾಗ ಕಾರಣ ಕಂಡಿತು. ಪರದೆಯ ಕೆಳಗಿನ ಅಂಚು ಬಾಡಿಯಿಂದ ಉಗುರು ತೂರುವಷ್ಟು ಬಿಟ್ಟುಕೊಂಡಿತ್ತು. ಪಕ್ಕದ ಬಟನ್ ಒತ್ತಿದರೆ ಟಿಕ್ ಅನ್ನುತ್ತಿರಲಿಲ್ಲ. ಪರಿಚಯದ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಸ್ಕ್ರೂ ಬಿಚ್ಚಿದ, ಒಳಗೆ ಚಪ್ಪಟೆಯಾಗಿರಬೇಕಾದ ಬೆಳ್ಳಿ ಬಣ್ಣದ ಬ್ಯಾಟರಿ ಪೂರಿ ಥರ ಉಬ್ಬಿ ಕೂತಿತ್ತು. ಒಂದು ಕಡೆಯ ಹಳದಿ ಟೇಪ್ ಕಿತ್ತುಬಂದಿತ್ತು. ಹುಡುಗ ಸ್ಕ್ರೂಡ್ರೈವರ್ ದೂರ ಇಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದ. ಉಬ್ಬಿದ್ದಕ್ಕೆ ಲೋಹದ ಮೊನೆ ತಾಗಿದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು ಅಂತ ಅವನಿಗೆ ಗೊತ್ತಿತ್ತು.

ಇದು ಒಂದು ಪೀಸ್ ಕೆಟ್ಟದ್ದು ಬಂದ ಕಥೆ ಅಲ್ಲ. ಇಂಥ ಲಿಥಿಯಂ ಬ್ಯಾಟರಿಗಳನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಹೇಳುವ ಮಿತಿ 45 ಡಿಗ್ರಿ, ಬಳಸಲು 60 ಡಿಗ್ರಿ. 2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬೇಸಿಗೆಯ ಬಿಸಿಲಿಗೆ ಕಾರುಗಳನ್ನು ನಿಲ್ಲಿಸಿ ಅಳೆದಾಗ, ಒಂದೇ ಗಂಟೆಯಲ್ಲಿ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿಗೆ ಹೋಗಿತ್ತು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಹೊರಗೇ 42 ಡಿಗ್ರಿ ಇರುತ್ತದೆ. ಕ್ಯಾಮೆರಾ ಇರುವುದು ಗಾಜಿಗೆ ಅಂಟಿಕೊಂಡು, ಕಪ್ಪು ಪ್ಲಾಸ್ಟಿಕ್ ಒಳಗೆ. ಸಂಜೆ ಬಂದು ಕಾರು ಸ್ಟಾರ್ಟ್ ಮಾಡಿದ ಕೂಡಲೇ, ಇನ್ನೂ ಕಾದಿರುವ ಅದೇ ಬ್ಯಾಟರಿಗೆ ಚಾರ್ಜಿಂಗ್ ಶುರು. ದಿನಾ ಪೂರ್ತಿ ಚಾರ್ಜ್ ಆಗಿ ಕೂರುವುದು, ಜೊತೆಗೆ ಕಾಯುವುದು, ಇವೆರಡೂ ಸೇರಿದರೆ ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತದೆ. ಬ್ಯಾಟರಿಯ ಹೊರಚೀಲ ಉಬ್ಬುವುದು ಅದಕ್ಕೇ. ಬಿಸಿ ಇನ್ನೂ ಏರಿ ಸುಮಾರು 130 ಡಿಗ್ರಿ ದಾಟಿದರೆ ಒಳಗಿನ ಪ್ಲಾಸ್ಟಿಕ್ ಪೊರೆ ಕರಗಿ ಎರಡು ತಗಡುಗಳು ತಾಗುತ್ತವೆ, ಆಮೇಲೆ ಅದು ತಾನೇ ತಾನಾಗಿ ಉರಿಯುತ್ತದೆ. ಬರೀ ಬಿಸಿಲಿಗೆ ಅಷ್ಟು ಬಿಸಿ ಆಗುವುದಿಲ್ಲ, ನಿಜ. ಆದರೆ ಉಬ್ಬಿದ ಬ್ಯಾಟರಿ, ಅಗ್ಗದ ಚಾರ್ಜಿಂಗ್ ಸರ್ಕ್ಯೂಟ್, ಹಿಂದಿನ ಸೀಟಲ್ಲಿ ಮಕ್ಕಳು. ಇಷ್ಟನ್ನೂ ನಂಬಿಕೊಂಡು ಓಡಾಡಲು ನನಗೆ ಧೈರ್ಯ ಇಲ್ಲ.

ವಾರಂಟಿ ಕೇಳಿದೆ. ಬ್ಯಾಟರಿಗೆ ಆರೇ ತಿಂಗಳು ಅಂದರು, ಮುಗಿಯಿತು ಮಾತು.

ಹೊಸ ಬ್ಯಾಟರಿ ಹಾಕಿಸುವ ದಾರಿಯೂ ಇತ್ತು. ಹುಡುಗ 350 ರೂಪಾಯಿ ಹೇಳಿದ. ಆದರೆ ಅದೇ ಅಳತೆಯದ್ದು ಸಿಗುವುದು ಹೆಸರೇ ಇಲ್ಲದ ಬ್ಯಾಟರಿ, ಮುಂದಿನ ಬೇಸಿಗೆಗೆ ಮತ್ತೆ ಇದೇ ಪಾಡು. ಬೇಡ ಅಂದೆ.

ಈಗಿರುವ ಕ್ಯಾಮೆರಾದಲ್ಲಿ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇದೆ. ಇದರಲ್ಲಿ ರಾಸಾಯನಿಕ ಕ್ರಿಯೆಯ ಗೋಜಿಲ್ಲ, ಚಾರ್ಜ್ ಸುಮ್ನೆ ಮೇಲ್ಮೈಯಲ್ಲಿ ಕೂರುತ್ತದೆ, ಹಾಗಾಗಿ ಲಕ್ಷಗಟ್ಟಲೆ ಸಲ ತುಂಬಿ ಖಾಲಿ ಮಾಡಬಹುದು. ಸಾಮಾನ್ಯವಾಗಿ 65 ಡಿಗ್ರಿವರೆಗೆ, ವೋಲ್ಟೇಜ್ ಕಡಿಮೆ ಇಟ್ಟರೆ 85ರವರೆಗೂ ತಡೆಯುವಂಥವು ಬರುತ್ತವೆ. ನನ್ನ ಮನಸ್ಸು ಒಪ್ಪಿದ್ದು ಮಾತ್ರ ಬೇರೆ ಲೆಕ್ಕಕ್ಕೆ. 500 ಎಂಎಎಚ್‌ನ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) 3.7 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 6,660 ಜೂಲ್ ಶಕ್ತಿ ತುಂಬಿರುತ್ತದೆ. 5 ಫ್ಯಾರಡ್‌ನ (ಇದು ಕೆಪಾಸಿಟರ್‌ನ ಅಳತೆ) 2.7 ವೋಲ್ಟ್ ಕೆಪಾಸಿಟರ್ ಎರಡನ್ನು ಸರಣಿಯಲ್ಲಿ ಜೋಡಿಸಿದರೆ ಬರೀ 36 ಜೂಲ್. ಅದು ಕೆಟ್ಟರೂ ದೊಡ್ಡ ಅನಾಹುತ ಮಾಡುವಷ್ಟು ಒಳಗೆ ಏನೂ ಇಲ್ಲ. ಫೈಲ್ ಮುಚ್ಚಲು ಅಷ್ಟು ಸಾಕು. ಹಾಕಿಸಿದ ಮೇಲೆ ಸುಮ್ಮನೆ ಪರೀಕ್ಷೆಗೆ ಅಂತ ಓಡುವಾಗಲೇ ಎಷ್ಟೋ ಸಲ ಸಾಕೆಟ್‌ನಿಂದ ವೈರ್ ಕಿತ್ತು ನೋಡಿದ್ದೇನೆ, ಕೊನೆಯ ಕ್ಲಿಪ್ ಪ್ರತಿ ಸಲವೂ ತೆರೆದಿದೆ.

ಕೆಪಾಸಿಟರ್ ಅಮರ ಅಂತಲ್ಲ. ಬಿಸಿಗೆ ಅದರ ಶಕ್ತಿಯೂ ವರ್ಷ ಕಳೆದಂತೆ ಕುಗ್ಗುತ್ತದೆ, ಸೋರಲೂಬಹುದು. ಮತ್ತೆ, ಕಾರನ್ನು ಜಾಸ್ತಿ ದಿನ ಎತ್ತದೇ ಇದ್ದರೆ ನನ್ನದು ಟೈಮ್ ಮರೆಯುತ್ತದೆ. ಜಿಪಿಎಸ್ ಇರುವುದರಿಂದ ಹೊರಟು ಸ್ವಲ್ಪ ಹೊತ್ತಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಜಿಪಿಎಸ್ ಇಲ್ಲದ ಕೆಪಾಸಿಟರ್ ಕ್ಯಾಮೆರಾ ನಾನು ತಗೊಳ್ಳುವುದಿಲ್ಲ. ಕಾರಿಂದ ಬಿಚ್ಚಿ ಕೈಯಲ್ಲಿ ಹಿಡಿದು ಬಂಪರ್ ವಿಡಿಯೋ ಮಾಡೋಣ ಅಂದರೂ ಆಗದು, ಬಿಚ್ಚಿದ ಕೂಡಲೇ ಆಫ್. ಅದಕ್ಕೆ ಮೊಬೈಲ್ ಇದೆಯಲ್ವಾ?

‘ಪಾರ್ಕಿಂಗಲ್ಲಿ ಯಾರಾದರೂ ಗೀಚಿದರೆ?’ ಅಂತ ನನ್ನ ಭಾವ ಕೇಳಿದರು. ಬ್ಯಾಟರಿ ಕ್ಯಾಮೆರಾ ಹೊಸದಿದ್ದಾಗಲೂ ಕಾರು ಆಫ್ ಆದ ಮೇಲೆ ಅರ್ಧ ಗಂಟೆ ಬಂದರೆ ಹೆಚ್ಚು, ಕಾದ ಮೇಲೆ ಅದೂ ಇಲ್ಲ. ನಿಜವಾಗಿ ಪಾರ್ಕಿಂಗ್ ರೆಕಾರ್ಡಿಂಗ್ ಬೇಕು ಅನ್ನುವವರು ಕಾರಿನ ಬ್ಯಾಟರಿಯಿಂದಲೇ ಫ್ಯೂಸ್ ಬಾಕ್ಸ್ ಮೂಲಕ ವೈರ್ ಎಳೆಸಬೇಕು. ಆ ಕಿಟ್‌ನಲ್ಲಿ ಇಂತಿಷ್ಟು ವೋಲ್ಟಿಗೆ ಇಳಿದರೆ ಕ್ಯಾಮೆರಾ ಆಫ್ ಆಗುವ ಏರ್ಪಾಡು ಇರುತ್ತದೆ. ಭಾವ ಹಾಕಿಸಿಕೊಂಡಿದ್ದಾರೆ, 12.2 ವೋಲ್ಟಿಗೆ ಇಟ್ಟಿದ್ದಾರೆ. ಅದಕ್ಕಿಂತ ಕೆಳಗಿಟ್ಟರೆ ಬೆಳಗ್ಗೆ ಕಾರು ಸ್ಟಾರ್ಟ್ ಆಗದ ಭಯ, ಅದರಲ್ಲೂ ಹಳೇ ಬ್ಯಾಟರಿಗೆ. ವಾರಂಟಿ ಇರುವ ಕಾರಾದರೆ ವೈರ್ ಕತ್ತರಿಸದೆ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಲ್ಲೇ ಸಿಕ್ಕಿಸಿ ಕರೆಂಟ್ ಪಡೆಯುವ ತುಂಡು) ಹಾಕುವ ಎಲೆಕ್ಟ್ರಿಷಿಯನ್‌ನೇ ಹುಡುಕಿ. ನಾನು ಹಾಕಿಸಿಲ್ಲ. ಆಫೀಸಿನಲ್ಲಿ ವಾಚ್‌ಮನ್ ಇದ್ದಾರೆ, ಮನೆಗೆ ಗೇಟ್ ಇದೆ.

ಹಳೇ ಮೊಬೈಲನ್ನೇ ಡ್ಯಾಶ್‌ಕ್ಯಾಮ್ ಮಾಡುವ ಐಡಿಯಾ ಕೊಡುವವರಿಗೆ: ಅದರಲ್ಲಿರುವುದು ಇನ್ನೂ ದೊಡ್ಡ ಲಿಥಿಯಂ ಬ್ಯಾಟರಿ.

ನಿಮ್ಮದು ಬ್ಯಾಟರಿಯದ್ದೇ ಆಗಿದ್ದರೆ ಈಗಲೇ ಹೋಗಿ ಪರದೆಯ ಅಂಚು ನೋಡಿ, ತಾರೀಖು ಸರಿ ಇದೆಯಾ ನೋಡಿ, ಕೀ ಆಫ್ ಮಾಡಿ ಕೊನೆಯ ಕ್ಲಿಪ್ ತೆರೆಯುತ್ತದಾ ನೋಡಿ. ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಕಾರಿಂದ ಹೊರಗೆ ತಂದು ತಗಡಿನ ಡಬ್ಬಿಯಲ್ಲಿ ಒಣ ಮರಳು ಹಾಕಿ ಇಡಿ, ಮನೆಯೊಳಗೆ ಬೇಡ. ಕಸದ ಗಾಡಿಗಂತೂ ಹಾಕಲೇಬೇಡಿ, ಗಾಡಿಯಲ್ಲಿ ಕಸ ಒತ್ತುವಾಗ ಹೊತ್ತಿಕೊಂಡರೆ ಪೌರಕಾರ್ಮಿಕರ ಜೀವಕ್ಕೆ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ದುಡ್ಡಿನ ವಿಷಯಕ್ಕೆ ಬಂದರೆ, ನಾನು ಕೊಂಡಾಗ ಎರಡಕ್ಕೂ ಇದ್ದ ವ್ಯತ್ಯಾಸ 1,500 ರೂಪಾಯಿ ಒಳಗೆ. ದಿನಾ ಕಾರಲ್ಲೇ ಓಡಾಡುವ, ನೆರಳು ಸಿಗದ ನನಗೆ ಅದು ಏನೂ ಅಲ್ಲ. ಮಡಿಕೇರಿಯಲ್ಲಿ ಮನೆ, ಕಾರು ಯಾವಾಗಲೂ ಶೆಡ್ಡಲ್ಲಿ, ಇಳಿಯುವಾಗ ಕ್ಯಾಮೆರಾ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುವ ಅಭ್ಯಾಸ ಇದೆ ಅನ್ನುವವರಿಗೆ ಬ್ಯಾಟರಿಯದ್ದು ಕೆಲವು ವರ್ಷ ಬರಬಹುದು. ಬಳ್ಳಾರಿ, ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಆ ಆಸೆ ಬಿಡಿ. ಕೊಳ್ಳುವಾಗ ವಿವರದಲ್ಲಿ ಎಂಎಎಚ್ ಅಂತ ಒಂದು ಅಂಕಿ ಕಂಡರೆ ಅದು ಬ್ಯಾಟರಿಯದ್ದು. ಕೆಪಾಸಿಟರ್ ಇದ್ದರೆ ಮಾರುವವರು ಅದನ್ನು ದೊಡ್ಡಕ್ಷರದಲ್ಲೇ ಹಾಕಿರುತ್ತಾರೆ. ಎರಡೂ ಬರೆದಿಲ್ಲ ಅಂದರೆ ಕೇಳಿ, ಉತ್ತರ ಬರದಿದ್ದರೆ ಬೇರೆ ಮಾಡೆಲ್ ನೋಡಿ.