ಮೂರು ವರ್ಷ ಬಳಸಿದ ಮೇಲೆ: ಡ್ರಮ್ಮಿಗೆ ಜೋಡಿಸುವ ಡ್ರಿಪ್ ಕಿಟ್, ಕೋಲಾರದ ಬೋರ್ ನೀರಿನಲ್ಲಿ

ವಸ್ತು: 200 ಲೀಟರ್ ಡ್ರಮ್ಮಿಗೆ ಜೋಡಿಸುವ, ಮೋಟಾರ್ ಬೇಡದ ಡ್ರಿಪ್ ಕಿಟ್ (50 ಗಿಡದ್ದು)
ಜಾಗ: ಕೋಲಾರ, ಮನೆಯ ಹಿಂದಿನ 12×20 ಅಡಿ ಕೈತೋಟ, ಕೆಂಪು ಮಣ್ಣು
ನೀರು: ಬೋರ್‌ವೆಲ್ಲಿನ ಗಡಸು ನೀರು, ಮಳೆಗಾಲದಲ್ಲಿ ತಾರಸಿ ನೀರು
ಅಂಕ: 5ಕ್ಕೆ 3.5

ಕಿಟ್ ಒಳ್ಳೆಯದೇ. ಆದರೆ ಡಬ್ಬದ ಮೇಲೆ ಬರೆದಿರುವ ಲೆಕ್ಕ ನಂಬಿಕೊಂಡು ಜೋಡಿಸಿದರೆ ಏಪ್ರಿಲ್ ಬರುವಷ್ಟರಲ್ಲಿ ಅರ್ಧ ಗಿಡ ಬಾಡಿರುತ್ತವೆ. ನಮ್ಮ ಕಡೆ ಈ ಕಿಟ್ ನಡೆಯುವುದು ಬಿಡುವುದು ಎರಡರ ಮೇಲೆ ನಿಂತಿದೆ: ಡ್ರಮ್ ಎಷ್ಟು ಎತ್ತರದಲ್ಲಿದೆ, ಡ್ರಿಪ್ಪರಿನ (ಗಿಡದ ಬುಡಕ್ಕೆ ಹನಿ ಬಿಡುವ ಮೂತಿ) ಬಾಯಲ್ಲಿ ಎಷ್ಟು ಸುಣ್ಣ ಕಟ್ಟಿದೆ. ಕೈಪಿಡಿಯಲ್ಲಿ ಎರಡರ ಬಗ್ಗೆಯೂ ಒಂದಕ್ಷರ ಇಲ್ಲ. ಹಾಗಾಗಿ ಇಷ್ಟು ಉದ್ದ ಬರೆಯಬೇಕಾಯಿತು.

ಡಬ್ಬದಲ್ಲಿ ಬಂದದ್ದು: ಗಿಡದ ಸಾಲಿನುದ್ದಕ್ಕೂ ಹಾಸುವ 16 ಮಿ.ಮೀ. ಕಪ್ಪು ಲ್ಯಾಟರಲ್ ಪೈಪು 20 ಮೀಟರ್, ಅದರಿಂದ ಗಿಡಕ್ಕೆ ಕವಲೊಡೆಯುವ 4 ಮಿ.ಮೀ. ಮೈಕ್ರೋಟ್ಯೂಬ್, ಗಂಟೆಗೆ 2, 4 ಮತ್ತು 8 ಲೀಟರಿನ ಡ್ರಿಪ್ಪರುಗಳು, ಮುಕ್ಕಾಲು ಇಂಚಿನ ಟ್ಯಾಂಕ್ ಕನೆಕ್ಟರ್, ಒಂದು ವಾಲ್ವ್, ಚಿಕ್ಕ ಜಾಲರಿ ಫಿಲ್ಟರ್, ಟೀ, ಎಲ್ಬೋ, ಎಂಡ್ ಕ್ಯಾಪ್, ತೂತು ಹಾಕುವ ಪಂಚ್. ಡ್ರಮ್ ನಾವೇ ತರಬೇಕು.

ಮೊದಲು ಎತ್ತರದ ವಿಷಯ. ಡ್ರಿಪ್ಪರಿನ ಮೇಲೆ ಬರೆದ 'ಗಂಟೆಗೆ 4 ಲೀಟರ್' ಅನ್ನುವುದು ಒಂದು ಬಾರ್ ಒತ್ತಡದ ಲೆಕ್ಕ. ಒಂದು ಬಾರ್ ಬೇಕಾದರೆ ನೀರು ಸುಮಾರು 10 ಮೀಟರ್ ಮೇಲಿರಬೇಕು. ಮನೆ ಹಿತ್ತಲಲ್ಲಿ ಡ್ರಮ್ಮನ್ನು ಒಂದು ಮೀಟರ್ ಕಟ್ಟೆಯ ಮೇಲೆ ಇಡುತ್ತೇವೆ, ಡ್ರಮ್ಮಿನ ಎತ್ತರ ಇನ್ನೊಂದು 90 ಸೆಂ.ಮೀ. ಅಂದರೆ ತುಂಬಿದಾಗ ಒತ್ತಡ 0.19 ಬಾರ್, ತಳ ಮುಟ್ಟುವಾಗ 0.1 ಬಾರ್. ಸಾಮಾನ್ಯ ಡ್ರಿಪ್ಪರಿನಲ್ಲಿ ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಆದ್ದರಿಂದ 4 ಲೀಟರಿನ ಡ್ರಿಪ್ಪರ್ ಇಲ್ಲಿ ಕೊಡುವುದು ಗಂಟೆಗೆ ಸರಾಸರಿ ಒಂದೂವರೆ ಲೀಟರ್. 8 ಲೀಟರಿನದು 3 ಲೀಟರ್. ಡಬ್ಬದ ಲೆಕ್ಕ ಹಿಡಿದು ಅರ್ಧ ಗಂಟೆ ಬಿಟ್ಟು ನಿಲ್ಲಿಸಿದರೆ ಟೊಮೇಟೊ ಗಿಡಕ್ಕೆ ಮುಕ್ಕಾಲು ಲೀಟರ್ ಸಿಗುತ್ತದೆ. ಬೇಸಿಗೆಯಲ್ಲಿ ಕಾಯಿ ಹಿಡಿದ ಗಿಡಕ್ಕೆ ಅದು ಯಾವ ಮೂಲೆಗೂ ಸಾಲದು.

ಮಾತು ನಂಬುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು. ಮೊದಲ ಡ್ರಿಪ್ಪರಿನ ಕೆಳಗೊಂದು, ಕೊನೆಯದರ ಕೆಳಗೊಂದು ಖಾಲಿ ನೀರಿನ ಬಾಟಲಿ ಹೂತಿಟ್ಟು ಅರ್ಧ ಗಂಟೆ ಬಿಡಿ. ಬಾಟಲಿಯ ಬಾಯಿ ನೆಲದ ಮಟ್ಟಕ್ಕೇ ಇರಬೇಕು. ಡ್ರಿಪ್ಪರನ್ನು ಮೇಲೆತ್ತಿದರೆ ಲೆಕ್ಕ ಕೆಡುತ್ತದೆ. ಹೊಸದರಲ್ಲಿ ನಮ್ಮ ಮೊದಲ ಬಾಟಲಿಯಲ್ಲಿ 780 ಮಿ.ಲೀ., ಕೊನೆಯದರಲ್ಲಿ 710 ಮಿ.ಲೀ. ಬಂತು. ಇಷ್ಟು ವ್ಯತ್ಯಾಸ ಪರವಾಗಿಲ್ಲ. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಲ್ಲೋ ಕಟ್ಟಿದೆ, ಇಲ್ಲವೇ ಪೈಪು ಮಡಚಿಕೊಂಡಿದೆ.

ಕುಂಡಗಳನ್ನು ಸ್ಟ್ಯಾಂಡಿನ ಮೇಲೆ ಇಟ್ಟವರು ಗಮನಿಸಬೇಕಾದ ಮಾತೊಂದಿದೆ. ಒತ್ತಡ ಲೆಕ್ಕವಾಗುವುದು ಡ್ರಮ್ಮಿನ ನೀರಿನ ಮಟ್ಟದಿಂದ ಡ್ರಿಪ್ಪರಿನವರೆಗೆ. ಅರ್ಧ ಮೀಟರ್ ಎತ್ತರದ ಸ್ಟ್ಯಾಂಡಿನಲ್ಲಿರುವ ಕುಂಡಕ್ಕೆ, ಡ್ರಮ್ ಖಾಲಿಯಾಗುತ್ತಾ ಬಂದಾಗ ಉಳಿಯುವುದು ಅರ್ಧ ಮೀಟರ್ ಒತ್ತಡ ಮಾತ್ರ. ನೆಲದಲ್ಲಿರುವ ಗಿಡ ಕುಡಿದು ಮುಗಿಸುತ್ತದೆ, ಸ್ಟ್ಯಾಂಡಿನ ಗಿಡ ಒಣಗುತ್ತದೆ. ಎರಡೂ ಇದ್ದರೆ ಎರಡು ಸಾಲು ಬೇರೆ ಮಾಡಿ, ಬೇರೆ ವಾಲ್ವ್ ಹಾಕಿ. ಹಾಗೆಯೇ ಅಂಗಡಿಯವರು 'ಒತ್ತಡ ಸರಿದೂಗಿಸುವ' ಡ್ರಿಪ್ಪರ್ ಉತ್ತಮ ಎಂದು ಹೇಳಿದರೆ ಕೊಳ್ಳಬೇಡಿ. ಮೋಟಾರಿನ ಒತ್ತಡಕ್ಕೆ ಅದು ಸರಿ, ಡ್ರಮ್ಮಿನ ಒತ್ತಡಕ್ಕೆ ಅದರ ಒಳಗಿನ ರಬ್ಬರ್ ಪೊರೆ ಕೆಲಸವನ್ನೇ ಮಾಡುವುದಿಲ್ಲ.

ಈಗ ಇಲ್ಲಿ ಇರುವ ಜೋಡಣೆ ಹೀಗಿದೆ, ಬೆಳಿಗ್ಗೆ ಒಂದೂಕಾಲು ಗಂಟೆ ವಾಲ್ವ್ ತೆರೆದಿಡುವ ಲೆಕ್ಕ. ಟೊಮೇಟೊ 8, ಬದನೆ 6: ಗಿಡಕ್ಕೊಂದು 4 ಲೀಟರಿನ ಡ್ರಿಪ್ಪರ್, ಸಿಗುವುದು ಎರಡು ಲೀಟರಿನಷ್ಟು. ಮೆಣಸಿನ ಗಿಡ 10, ಬೆಂಡೆ 12: ಎರಡು ಗಿಡದ ನಡುವೆ ಒಂದು 4 ಲೀಟರಿನದು. ಹೀರೆ 4: ಬುಡಕ್ಕೊಂದು 8 ಲೀಟರಿನದು. ಪಪ್ಪಾಯಿ 2, ನಿಂಬೆ 1, ಸೀಬೆ 1: ಗಿಡಕ್ಕೆ ಮೂರು 8 ಲೀಟರಿನವು, ಸುಮಾರು 12 ಲೀಟರ್ ಬೀಳುತ್ತದೆ. ಪಪ್ಪಾಯಿಗೆ ಮೂರನ್ನೂ ಬುಡದಿಂದ ಒಂದಡಿ ದೂರ ಸುತ್ತಲೂ ಇಡಬೇಕು, ಕಾಂಡಕ್ಕೆ ತಾಗಿ ನೀರು ನಿಂತರೆ ಬುಡ ಕೊಳೆತು ಗಿಡವೇ ಉರುಳುತ್ತದೆ. ಒಟ್ಟು ದಿನಕ್ಕೆ 110 ಲೀಟರ್ ಹತ್ತಿರ. 2 ಲೀಟರಿನ ಡ್ರಿಪ್ಪರುಗಳನ್ನು ಪೂರ್ತಿ ತೆಗೆದೇ ಹಾಕಿದ್ದೇವೆ. ಅವುಗಳ ದಾರಿ ಬಹಳ ಸಣ್ಣದು, ಈ ನೀರಿಗೆ ಎಲ್ಲಕ್ಕಿಂತ ಮೊದಲು ಕಟ್ಟುವುದು ಅವೇ.

ಸೊಪ್ಪಿಗೆ ಈ ಕಿಟ್ ಬೇಡ. ದಂಟು, ಕೊತ್ತಂಬರಿ, ಮೆಂತ್ಯದ ಮಡಿಗೆ ಶವರ್ ಕ್ಯಾನೇ ಸರಿ.

ಇನ್ನು ಸುಣ್ಣ. ಕೋಲಾರದ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದವರಿಗೆ ವಿವರಿಸಬೇಕಿಲ್ಲ. ಅದೇ ಪದರ ಡ್ರಿಪ್ಪರಿನ ಬಾಯಲ್ಲೂ ಕಟ್ಟುತ್ತದೆ. ವಾಲ್ವ್ ನಿಲ್ಲಿಸಿದ ಮೇಲೆ ತುದಿಯಲ್ಲಿ ಒಂದು ಹನಿ ನೇತಾಡುತ್ತಿರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ, ಮಾರನೇ ದಿನ ಅದರ ಮೇಲೆ ಇನ್ನೊಂದು ಹನಿ. ಎರಡು ತಿಂಗಳಿಗೆ ಬಾಯಿಯ ಸುತ್ತ ಅಕ್ಕಿಕಾಳಿನಷ್ಟು ಬಿಳಿ ಗಂಟು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ, ಆದರೆ ಒಳಗಿನ ಸುರುಳಿ ದಾರಿಯಲ್ಲಿ ಕೂತದ್ದು ಉಗುರಿಗೆ ಸಿಗುವುದಿಲ್ಲ. ಎಂಟು ತಿಂಗಳು ತೊಳೆಯದೇ ಬಿಟ್ಟು ಅಳೆದಾಗ 780 ಮಿ.ಲೀ. ಇದ್ದದ್ದು 300ಕ್ಕೆ ಇಳಿದಿತ್ತು. ಗಿಡ ಬಾಡುವವರೆಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಹನಿ ಬೀಳುತ್ತಲೇ ಇರುತ್ತದೆ.

ಇದಕ್ಕೆ ಪರಿಹಾರ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಎರಡು ಲೀಟರ್ ನೀರಿಗೆ 40 ಗ್ರಾಂ ಕರಗಿಸಿ, ಡ್ರಿಪ್ಪರುಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಹಾಕಿದ ಕೂಡಲೇ ಸಣ್ಣ ಗುಳ್ಳೆ ಏಳುತ್ತವೆ. ಬೆಳಿಗ್ಗೆ ಗುಳ್ಳೆ ನಿಂತಿದ್ದು ಬಿಳಿ ಇನ್ನೂ ಉಳಿದಿದ್ದರೆ ಹುಳಿ ಖರ್ಚಾಗಿದೆ ಎಂದರ್ಥ, ಹೊಸ ನೀರು ಕಲಸಿ. ಆಮೇಲೆ ಒಂದೊಂದನ್ನೂ ಊದಿ ನೋಡಿ ಜೋಡಿಸಿ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಉಳಿದ ಕಾಲ ಮೂರು ತಿಂಗಳಿಗೊಮ್ಮೆ ಸಾಕು. ಕೊಳ್ಳುವಾಗಲೇ ಮುಚ್ಚಳ ಬಿಚ್ಚಬಹುದಾದ ಡ್ರಿಪ್ಪರ್ ಆರಿಸಿಕೊಂಡರೆ ಈ ಕೆಲಸ ಅರ್ಧ ಕಡಿಮೆ.

ಡ್ರಮ್ಮಿಗೇ ನಿಂಬೆ ಉಪ್ಪು ಸುರಿದುಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 200 ಲೀಟರ್ ಗಡಸು ನೀರಿನಲ್ಲಿರುವ ಸುಣ್ಣವೇ ಆ ಹುಳಿಯನ್ನು ನುಂಗಿಬಿಡುತ್ತದೆ, ಡ್ರಿಪ್ಪರಿಗೆ ಮುಟ್ಟುವಾಗ ಅದರಲ್ಲಿ ಸತ್ವ ಇರುವುದಿಲ್ಲ. ಮುಟ್ಟಿದರೂ ನಿಲ್ಲುವುದಿಲ್ಲ, ಹನಿಯಾಗಿ ಮಣ್ಣಿಗೆ ಹೋಗುತ್ತದೆ. ರೈತರು ದೊಡ್ಡ ತೋಟದಲ್ಲಿ ಮಾಡುವ ಆಸಿಡ್ ಶುದ್ಧೀಕರಣವನ್ನು ಮನೆಯಲ್ಲಿ ಮಾಡಲು ಹೋಗಬೇಡಿ; ಆ ಆಸಿಡ್ ಕೈ ಕಣ್ಣು ಸುಡುವಂಥದ್ದು.

ನೀರು ಬಿಡುವುದು ಬೆಳಿಗ್ಗೆ ಆರಕ್ಕೆ. ಮಧ್ಯಾಹ್ನ ಕಪ್ಪು ಪೈಪು ಕಾದು ಒಳಗಿನ ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಬೇರೆಯಾಗುತ್ತದೆ. ಪೈಪಿನ ಮೇಲೆ ರಾಗಿ ಹುಲ್ಲು ಹೊದಿಸಿದರೆ ಎರಡು ಲಾಭ, ಪೈಪು ಕಾಯುವುದಿಲ್ಲ, ಮಣ್ಣಿನ ತೇವವೂ ನಿಲ್ಲುತ್ತದೆ. ಮಳೆಗಾಲದಲ್ಲಿ ತಾರಸಿ ನೀರನ್ನೇ ಡ್ರಮ್ಮಿಗೆ ತಿರುಗಿಸಿ: 100 ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 100 ಲೀಟರ್. ಮೊದಲ ಕೊಳೆ ನೀರು ಬಿಟ್ಟು ಹಿಡಿದರೂ ಒಂದು ಸಾಧಾರಣ ಮಳೆಗೆ ಡ್ರಮ್ ತುಂಬಿ ಹೊರಗೆ ಹರಿಯುತ್ತದೆ. ಆ ನೀರಿಗೆ ಬಿಳಿ ಗಂಟು ಕಟ್ಟುವುದಿಲ್ಲ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಮಾತ್ರ ಡ್ರಮ್ಮಿಗೆ ಸೇರಿಸಬಾರದು, ಬೋರ್ ನೀರಿನ ಉಪ್ಪೆಲ್ಲ ಅದರಲ್ಲಿ ಇನ್ನಷ್ಟು ಗಟ್ಟಿಯಾಗಿರುತ್ತದೆ.

ಉಪ್ಪಿನ ಇನ್ನೊಂದು ಮುಖ ಮಣ್ಣಿನಲ್ಲಿ ಕಾಣುತ್ತದೆ. ಡ್ರಿಪ್ಪರಿನ ತೇವ ಮುಗಿಯುವ ಅಂಚಿನಲ್ಲಿ ಬಿಳಿ ಬಳೆಯಂತೆ ಉಪ್ಪು ಕೂರುತ್ತದೆ. ಅಲ್ಲಿ ಇರುವವರೆಗೆ ಬೇರಿಗೆ ತೊಂದರೆ ಇಲ್ಲ. ಬೇಸಿಗೆಯ ಮೊದಲ ತುಂತುರು ಮಳೆ ಬಿದ್ದಾಗ ಅದು ಕರಗಿ ಒಳಗೆ, ಬೇರಿನ ಕಡೆಗೆ ಸರಿಯುತ್ತದೆ. ಮಳೆ ಬಂತೆಂದು ಡ್ರಿಪ್ ನಿಲ್ಲಿಸುವುದು ಸಹಜ, ಆದರೆ ತುಂತುರು ಮಳೆಯ ದಿನ ನಿಲ್ಲಿಸದೇ ಇರುವುದೇ ಸರಿ. ಒಳಗಿನಿಂದ ನೀರು ಹೊರಗೆ ತಳ್ಳುತ್ತಿದ್ದರೆ ಉಪ್ಪು ದೂರವೇ ಉಳಿಯುತ್ತದೆ. ತಿಂಗಳಿಗೊಮ್ಮೆ ಬಕೆಟ್ಟಿನಿಂದ ಧಾರಾಳವಾಗಿ ಹುಯ್ದು ಉಪ್ಪನ್ನು ಕೆಳಕ್ಕೆ ಇಳಿಸಬೇಕು. ಕುಂಡಗಳಲ್ಲಿ ತಳದ ತೂತಿನಿಂದ ನೀರು ಹರಿದುಹೋಗುವಷ್ಟು ಹಾಕಿ.

ಇಷ್ಟು ಮಾಡಿದರೆ ಸಿಗುವ ಫಲ ಟೊಮೇಟೊದಲ್ಲಿ ಎದ್ದು ಕಾಣುತ್ತದೆ. ಕೈಯಲ್ಲಿ ನೀರು ಹಾಕುವಾಗ ಒಂದು ದಿನ ಹೆಚ್ಚು, ಎರಡು ದಿನ ಇಲ್ಲ ಎಂದಾಗಿ ಹಣ್ಣು ಸೀಳುತ್ತದೆ, ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗಿ ಕೊಳೆಯುತ್ತದೆ. ತಳ ಕಪ್ಪಾಗುವುದಕ್ಕೆ ಕಾರಣ ಕಾಯಿಗೆ ಸುಣ್ಣಾಂಶ ಸೇರದಿರುವುದು. ನಮ್ಮ ನೀರಿನಲ್ಲೇ ಇಷ್ಟು ಸುಣ್ಣ ಇದ್ದೂ ಹೀಗಾಗುವುದೇಕೆಂದರೆ, ಅದು ಕಾಯಿ ಸೇರುವುದು ನೀರಿನ ಜೊತೆಗೇ. ನೀರು ತಪ್ಪಿದರೆ ಅದೂ ತಪ್ಪಿತು. ಮೊಟ್ಟೆ ಸಿಪ್ಪೆ ಹಾಕುವುದಕ್ಕಿಂತ ದಿನಾ ಒಂದೇ ಅಳತೆ ನೀರು ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ. ಎಲೆ ಮುಟುರು ರೋಗಕ್ಕೆ ಡ್ರಿಪ್ ಏನೂ ಮಾಡದು, ಅದು ಬಿಳಿನೊಣ ತರುವ ವೈರಸ್. ಅದಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್‌ನಂಥ ರೋಗ ತಡೆಯುವ ತಳಿ ಹಾಕುವುದು ಒಳ್ಳೆಯದು.

ಡ್ರಿಪ್ಪಿನಲ್ಲೇ ಗೊಬ್ಬರ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲು ಒಂದು ಗಾಜಿನ ಲೋಟದಲ್ಲಿ ಬೋರ್ ನೀರು ತೆಗೆದುಕೊಂಡು ಚಿಟಿಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ, ನೀರಲ್ಲಿ ಕರಗುವ ಗೊಬ್ಬರ) ಕರಗಿಸಿ ಒಂದು ಗಂಟೆ ಬಿಡಿ. ತಳದಲ್ಲಿ ಬಿಳಿ ಗಷ್ಟು ಕೂತರೆ ಅದೇ ಗಷ್ಟು ಡ್ರಿಪ್ಪರಿನಲ್ಲೂ ಕೂರುತ್ತದೆ. ಹಾಗಾಗಿ ಲೀಟರಿಗೆ 2 ಗ್ರಾಂ ಕಲಸಿ ವಾರಕ್ಕೊಮ್ಮೆ ಮಗ್ಗಿನಲ್ಲಿ ಬುಡಕ್ಕೆ ಹುಯ್ಯುವುದೇ ಇಲ್ಲಿ ಸರಿ. ಜೀವಾಮೃತವನ್ನೂ ಅಷ್ಟೇ, ಎಷ್ಟು ಬಟ್ಟೆಯಲ್ಲಿ ಸೋಸಿದರೂ ಡ್ರಮ್ಮಿಗೆ ಹಾಕಬೇಡಿ.

ಜೋಡಿಸುವಾಗ ಎಡವುವ ಜಾಗಗಳು: ಟ್ಯಾಂಕ್ ಕನೆಕ್ಟರನ್ನು ಡ್ರಮ್ಮಿನ ತಳದಿಂದ ಎರಡು ಇಂಚು ಮೇಲೆ ಕೂರಿಸಿ, ಬೋರಿನ ಕೆಂಪು ಮಣ್ಣು ಕೆಳಗೆ ಉಳಿಯಲಿ. ನೀಲಿ ಡ್ರಮ್ಮಿನೊಳಕ್ಕೆ ಬೆಳಕು ಹೋಗಿ ಪಾಚಿ ಕಟ್ಟುತ್ತದೆ, ಗೋಣಿಚೀಲ ಸುತ್ತಿ ಅಥವಾ ಕಪ್ಪು ಬಣ್ಣ ಬಳಿಯಿರಿ. ಫಿಲ್ಟರಿನ ಜಾಲರಿ ವಾರಕ್ಕೊಮ್ಮೆ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ. ಡ್ರಮ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನ ಉಬ್ಬಿದ ಜಾಗದಲ್ಲಿ ಗಾಳಿ ಸಿಕ್ಕಿ ನೀರು ಮುಂದೆ ಹೋಗುವುದೇ ಇಲ್ಲ. ಇಷ್ಟು ಕಡಿಮೆ ಒತ್ತಡಕ್ಕೆ ಆ ಗಾಳಿಯನ್ನು ತಳ್ಳುವ ಶಕ್ತಿ ಇರುವುದಿಲ್ಲ. ಎಂಡ್ ಕ್ಯಾಪ್ ಬಿಚ್ಚಿ, ಒಂದೇ ಸಮ ನೀರು ಬರುವವರೆಗೆ ಬಿಟ್ಟು ಮುಚ್ಚಿದರೆ ಸರಿಹೋಗುತ್ತದೆ. ತುಂಬಿದ ಡ್ರಮ್ 200 ಕಿಲೋ ಮೀರುತ್ತದೆ, ತಾರಸಿಯಾದರೆ ತೊಲೆ ಕಂಬ ಸೇರುವ ಮೂಲೆಯಲ್ಲೇ ಇಡಿ.

ನಲ್ಲಿಗೆ ಹಾಕುವ ಟೈಮರ್ ಬೇಕೆನ್ನುವವರು ಒಳಗೆ ಬಾಲ್ ವಾಲ್ವ್ ಇರುವುದನ್ನೇ ಕೇಳಿ ತರಬೇಕು. ಸಾಲಿನಾಯ್ಡ್ (ವಿದ್ಯುತ್ ಕಾಂತದಿಂದ ತೆರೆಯುವ ವಾಲ್ವ್) ಇರುವವುಗಳಿಗೆ ಒತ್ತಡ ಬೇಕು, ಡ್ರಮ್ಮಿನ ನೀರಿಗೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಟೈಮರ್ ಇದ್ದರೂ ಯುಗಾದಿಗೆ ನಾಲ್ಕು ದಿನ ಊರಿಗೆ ಹೋಗುವ ಹಾಗಿಲ್ಲ, 200 ಲೀಟರ್ ಎರಡು ದಿನಕ್ಕೂ ಪೂರ್ತಿ ಬರುವುದಿಲ್ಲ. ಹಣ್ಣಿನ ಗಿಡಗಳ ಸಾಲಿಗೆ ಪ್ರತ್ಯೇಕ ವಾಲ್ವ್ ಇದ್ದರೆ, ಹೊರಡುವ ದಿನ ಅವಕ್ಕೆ ಕೈಯಲ್ಲಿ ಚೆನ್ನಾಗಿ ಕುಡಿಸಿ ಸಾಲು ಮುಚ್ಚಬಹುದು. ಆಗ ತರಕಾರಿಗೆ ದಿನಕ್ಕೆ 65 ಲೀಟರಿನಂತೆ ಡ್ರಮ್ ಮೂರು ದಿನ ತಡೆಯುತ್ತದೆ.

ಬಾಳಿಕೆಯಲ್ಲಿ ಲ್ಯಾಟರಲ್ ಪೈಪು ಮೂರು ಬೇಸಿಗೆ ಕಂಡೂ ಸೀಳಿಲ್ಲ. ಬದಲಿ ಪೈಪು ಕೊಳ್ಳುವಾಗ ಐಎಸ್ 12786 ಎಂಬ ಗುರುತು ಮುದ್ರಿಸಿದ್ದನ್ನೇ ಆರಿಸಿ, ಮಾರುಕಟ್ಟೆಯ ತೆಳು ಪೈಪು ಬಿಸಿಲಿಗೆ ಬೇಗ ಬಿರಿಯುತ್ತದೆ. ಮೊದಲು ಕೈಕೊಟ್ಟದ್ದು ವಾಲ್ವ್, ಎರಡನೇ ವರ್ಷ ಹಿಡಿಯೇ ಮುರಿಯಿತು. ಆಮೇಲೆ ಫಿಲ್ಟರಿನ ರಬ್ಬರ್ ವಾಷರ್. ಏಪ್ರಿಲ್ ಮೇ ತಿಂಗಳಲ್ಲಿ ಅಳಿಲುಗಳು ನೀರಿಗಾಗಿ ಮೈಕ್ರೋಟ್ಯೂಬ್ ಕಡಿಯುತ್ತವೆ. ತೋಟದ ಮೂಲೆಯಲ್ಲೊಂದು ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟ ಮೇಲೆ ಕಡಿತ ಬಹಳ ಕಡಿಮೆಯಾಗಿದೆ. ಐದು ಮೀಟರ್ ಮೈಕ್ರೋಟ್ಯೂಬ್, ಹತ್ತು ಡ್ರಿಪ್ಪರ್, ತಪ್ಪು ತೂತು ಮುಚ್ಚುವ ಡಮ್ಮಿ ಒಂದು ಹಿಡಿ ಮನೆಯಲ್ಲಿರಲಿ. ಟ್ಯೂಬಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಮೆತ್ತಗಾದ ಮೇಲೆ ಡ್ರಿಪ್ಪರಿಗೆ ಸೇರಿಸಿ, ಒಣದಾಗಿ ಒತ್ತಿದರೆ ಡ್ರಿಪ್ಪರಿನ ಮೂತಿಯೇ ಮುರಿಯುತ್ತದೆ.