ಆರೈಕೆ ಕೇಂದ್ರಕ್ಕೆ ಸೇರುವ ಮೊದಲು ಮನೆ ಬಿಟ್ಟುಕೊಡಬೇಡಿ

ಬೆನ್ನುಮೂಳೆಗೆ ಪೆಟ್ಟಾಗಿ ಆಪರೇಷನ್ ಆಯಿತು. "ಮೂರು ತಿಂಗಳು ಆರೈಕೆ ಕೇಂದ್ರದಲ್ಲಿರಿ, ಆಮೇಲೆ ಮನೆಗೆ ಹೋಗಬಹುದು" ಎಂದರು. ನಂಬಿದೆ. ಖಾಲಿ ಮನೆಗೆ ಸುಮ್ನೆ ಬಾಡಿಗೆ ಯಾಕೆ ಅಂತ ಬಿಟ್ಟುಕೊಟ್ಟೆ. ಮಂಚ, ಪಾತ್ರೆ, ಹೂವಿನ ಕುಂಡ ಎಲ್ಲಾ ಅವರಿವರ ಪಾಲಾದವು. ಈಗ ಮೂರನೇ ವರ್ಷ. ಇನ್ನೂ ಇಲ್ಲೇ ಇದ್ದೇನೆ.

ಇಲ್ಲಿ ಕೆಲಸ ಮಾಡುವವರು ಕೆಟ್ಟವರಲ್ಲ. ಆದರೆ ಜನ ಕಡಿಮೆ, ಕೆಲಸ ಜಾಸ್ತಿ. ವಾಕರ್ ಹಿಡಿದು ಬಚ್ಚಲಿಗೆ ನಡೆಯಲು ನನಗೆ ಹತ್ತು ನಿಮಿಷ ಬೇಕಿತ್ತು. ವೀಲ್‌ಚೇರ್‌ನಲ್ಲಿ ತಳ್ಳಿದರೆ ಒಂದೇ ನಿಮಿಷ. ಹಾಗಾಗಿ ತಳ್ಳಿದರು, ದಿನಾ ತಳ್ಳಿದರು. ಬಳಸದ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ. ವಾರಕ್ಕೆ ಐದು ದಿನ ಇದ್ದ ಫಿಸಿಯೋಥೆರಪಿ ಎರಡಕ್ಕೆ ಇಳಿಯಿತು, ಆಮೇಲೆ ನಿಂತೇಹೋಯಿತು. ನಡೆಯುತ್ತಾ ಬಂದವಳು ಕೂತೇ ಉಳಿದೆ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ.

ಹೊರಡುತ್ತೇನೆ ಎಂದಾಗ "ಮೊದಲು ಮನೆ ತೋರಿಸಿ" ಎಂದರು. ಮನೆ ಮಾಲೀಕರು "ನಿಮ್ಮನ್ನು ನೋಡಿಕೊಳ್ಳುವವರು ಯಾರು?" ಎಂದರು. ಸಹಾಯಕರನ್ನು ಹುಡುಕಿದರೆ "ವಿಳಾಸ ಕೊಡಿ" ಎಂದರು. ಹೀಗೇ ಒಂದು ವರ್ಷ ಕಳೆಯಿತು. ಮನೆಯ ಮುಂಗಡಕ್ಕೆ ಇಟ್ಟಿದ್ದ ಹಣ ಅಷ್ಟರಲ್ಲಿ ಇಲ್ಲಿನ ಶುಲ್ಕಕ್ಕೇ ಕರಗಿಹೋಗಿತ್ತು.

ದಯವಿಟ್ಟು ಸಹಿ ಹಾಕುವ ಮೊದಲು ಓದಿ. ನಾನು ಸಹಿ ಹಾಕಿದ ಕಾಗದದಲ್ಲಿ 'ದೀರ್ಘಕಾಲದ ವಾಸ' ಎಂದಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಎಂಟು ತಿಂಗಳ ಮೇಲೆ. ಯಾವಾಗ ಮನೆಗೆ ಕಳಿಸುತ್ತಾರೆ, ಅದಕ್ಕೆ ಏನೇನು ಅಭ್ಯಾಸ ಮಾಡಿಸುತ್ತಾರೆ, ಯಾರು ಹೊಣೆ ಎಂದು ಸೇರಿದ ದಿನವೇ ಬರೆಸಿಕೊಳ್ಳಿ. ಬಾಡಿಗೆ ಭಾರ ಅನಿಸಿದರೂ ಕೆಲವು ತಿಂಗಳು ಮನೆ ಉಳಿಸಿಕೊಳ್ಳಿ. ಆಗದಿದ್ದರೆ ನಂಬಿಕಸ್ತರನ್ನು ಅಲ್ಲಿ ಇರಿಸಿ.

"ನಿಮ್ಮಂಥವರಿಗೆ ಇದೇ ಸರಿ" ಎಂದು ನನಗೆ ಎಷ್ಟೋ ಜನ ಹೇಳಿದ್ದಾರೆ. ಒಪ್ಪಬೇಡಿ. ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಪ್ಪಂದವಿದೆ. ಎಲ್ಲಿ, ಯಾರ ಜೊತೆ ಬಾಳಬೇಕು ಎಂದು ಆರಿಸಿಕೊಳ್ಳುವ ಹಕ್ಕು ಎಲ್ಲರಂತೆ ನಮಗೂ ಇದೆ ಎಂದು ಅದರ 19ನೇ ವಿಧಿ ಹೇಳುತ್ತದೆ. ಅದನ್ನು ಓದಿದ ರಾತ್ರಿ ನಾನು ಅತ್ತೆ.

ಈಗ ತಂಗಿ ಅಳತೆ ಟೇಪು ಹಿಡಿದು ಮನೆ ನೋಡುತ್ತಿದ್ದಾಳೆ. ಬಾಗಿಲು ತೆರೆದಾಗ 32 ಇಂಚಾದರೂ ಜಾಗ ಇರಬೇಕು. ಮೆಟ್ಟಿಲಿದ್ದರೆ ಪ್ರತಿ ಇಂಚು ಎತ್ತರಕ್ಕೆ 12 ಇಂಚು ಉದ್ದದ ಇಳಿಜಾರು ಹಾಕಿಸಬೇಕು. ಬಚ್ಚಲಲ್ಲಿ ವೀಲ್‌ಚೇರ್ ತಿರುಗಲು 5 ಅಡಿ ಬೇಕು. ನಿನ್ನೆ ನೋಡಿದ ಮನೆಯಲ್ಲಿ ಎಲ್ಲಾ ಸರಿಯಿತ್ತು, ಬಚ್ಚಲ ಬಾಗಿಲು ಮಾತ್ರ 29 ಇಂಚು. ಚೌಕಟ್ಟು ಬದಲಿಸಲು ಮಾಲೀಕರನ್ನು ಕೇಳಿದ್ದೇವೆ. ಅವರ ಫೋನಿಗೆ ಕಾಯುತ್ತಿದ್ದೇನೆ.